ಟಿಕೆಟ್ 200, ಪಾಪ್‌ಕಾರ್ನ್ ಎಷ್ಟು? ಒಂದೇ ಸಿನಿಮಾವನ್ನು ನಾಲ್ಕು ಕಡೆ ನೋಡಿದ ಲೆಕ್ಕ

ಆರು ವಾರದಲ್ಲಿ ಒಂದೇ ಸಿನಿಮಾವನ್ನು ನಾಲ್ಕು ಸಲ ನೋಡುವಷ್ಟು ಹುಚ್ಚು ನನಗಿಲ್ಲ. ಆದರೂ ಹಾಗಾಯಿತು. ‘ಕಾಂತಾರ: ಚಾಪ್ಟರ್ 1’ ಬಿಡುಗಡೆಯಾಗಿದ್ದು 2025ರ ಅಕ್ಟೋಬರ್ 2ಕ್ಕೆ. ಅವತ್ತೇ ವಿಜಯದಶಮಿ. ನಾವಿರುವುದು ಮೈಸೂರಿನಲ್ಲಿ. ಜಂಬೂ ಸವಾರಿ ದಿನ ಊರೊಳಗೆ ಗಾಡಿ ತೆಗೆಯುವ ಧೈರ್ಯ ಯಾರಿಗಿದೆ? ಮನೆ ತುಂಬ ನೆಂಟರು ಬೇರೆ. ಮರುದಿನ ಅವರನ್ನೆಲ್ಲ ಕಟ್ಟಿಕೊಂಡು ಸಿಂಗಲ್ ಸ್ಕ್ರೀನ್‌ಗೆ ಹೋದೆ. ಹತ್ತು ದಿನ ಬಿಟ್ಟು ಮಗಳ ಹುಟ್ಟುಹಬ್ಬಕ್ಕೆ ಅವಳ ಗೆಳತಿಯರ ಜೊತೆ ಮಲ್ಟಿಪ್ಲೆಕ್ಸ್. ತಿಂಗಳ ಕೊನೆಗೆ ಅತ್ತೆಯ ಪಕ್ಕ ಕೂತು ಟಿವಿಯಲ್ಲಿ. ಕೊನೆಗೆ ನಮ್ಮ ತಮ್ಮ ತಂದ ಪ್ರೊಜೆಕ್ಟರ್‌ನಲ್ಲಿ, ತಾರಸಿ ಮೇಲೆ.

ಸಿನಿಮಾ ಹೇಗಿದೆ ಅಂತ ಹೇಳಲು ಹೊರಟಿಲ್ಲ. ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ಎಲ್ಲಿ ನೋಡಿದರೆ ಏನು ಸಿಗುತ್ತೆ, ಏನು ಕಳೆಯುತ್ತೆ, ಅಷ್ಟೇ.

ಮೊದಲು ಸಿಂಗಲ್ ಸ್ಕ್ರೀನ್. ಅಕ್ಟೋಬರ್ 3, ಸೆಕೆಂಡ್ ಶೋ, ಏಳು ಜನ. ಬಾಲ್ಕನಿ ಮಾಮೂಲಿ ದಿನ 120 ರೂಪಾಯಿ, ಅವತ್ತು 200. ಗೇಟಿನಿಂದ ಒಳಗೆ ಕಾಲಿಟ್ಟಾಗಿನಿಂದಲೇ ಜಾತ್ರೆ. ಹೆಸರು ಬೀಳುವ ಹೊತ್ತಿಗೆ ಕೆಳಗಿನ ಕ್ಲಾಸಿನವರು ಹರಿದ ಪೇಪರ್ ತೂರಿದರು. ಅದು ಪ್ರೊಜೆಕ್ಟರ್ ಬೆಳಕಲ್ಲಿ ಮಂಡಕ್ಕಿ ಸುರಿದ ಹಾಗೆ ಕಾಣುತ್ತಿತ್ತು. ರಥದ ದೃಶ್ಯ ಬಂದಾಗ ಹಿಂದಿನ ಸಾಲಿನ ಹುಡುಗ ಸೀಟಿನ ಮೇಲೆ ಹತ್ತಿ ನಿಂತ. ಅವರಪ್ಪ ಶರ್ಟ್ ಹಿಡಿದು ಎಳೆದು ಕೂರಿಸಲು ನೋಡಿದರು. ಆಮೇಲೆ ಅವರೂ ಎದ್ದು ನಿಂತರು! ಆ ಐದು ನಿಮಿಷ ಪರದೆಯ ಮೇಲೆ ಯಾರು ಏನು ಮಾತಾಡಿದರೋ ನನಗೆ ಒಂದೂ ಕೇಳಿಸಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆದರೆ ಚಿತ್ರ ಮಂಕು. ಕತ್ತಲ ಕಾಡಿನಲ್ಲಿ ಪಂಜು ಬಿಟ್ಟರೆ ಬೇರೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಡಿಜಿಟಲ್ ಸಿನಿಮಾಗೆ ಒಂದು ಅಳತೆ ಇದೆ. ಪರದೆಯ ಮಧ್ಯಭಾಗದಲ್ಲಿ ಹೆಚ್ಚುಕಮ್ಮಿ 48 ನಿಟ್ಸ್ ಬೆಳಕು ಇರಬೇಕು. ಪ್ರೊಜೆಕ್ಟರಿನ ಝೆನಾನ್ ದೀಪ ಹಳೆಯದಾಗುತ್ತಾ ಹೋದಂತೆ ಆ ಬೆಳಕು ಇಳಿಯುತ್ತೆ. ಹೊಸ ದೀಪ ಅಂದರೆ ದೊಡ್ಡ ಖರ್ಚು. ಹಾಗಾಗಿ ಇನ್ನೊಂದು ವಾರ, ಇನ್ನೊಂದು ಸಿನಿಮಾ ಅಂತ ಎಳೆಯುತ್ತಾರೆ. ನನ್ನ ಹತ್ತಿರ ಅಳೆಯುವ ಮೀಟರ್ ಏನೂ ಇಲ್ಲ, ಕಣ್ಣು ಹೇಳಿದ್ದು ಇಷ್ಟು.

ಇನ್ನೊಂದು ವಿಷಯ ಹೇಳಲೇಬೇಕು. ಸಿನಿಮಾ ವಿಮರ್ಶೆ ಬರೆಯುವ ಗಂಡಸರು ಯಾರೂ ಇದನ್ನು ಬರೆಯುವುದಿಲ್ಲ. ಹೆಂಗಸರ ಟಾಯ್ಲೆಟ್. ಇಂಟರ್ವಲ್‌ನಲ್ಲಿ ಹೋದರೆ ಮೂರು ಬಾಗಿಲು. ಒಂದಕ್ಕೆ ಬೀಗ. ಒಂದಕ್ಕೆ ಚಿಲಕವೇ ಇಲ್ಲ, ಬದಲಿಗೆ ಒಂದು ದಾರ ಕಟ್ಟಿದ್ದರು. ಉಳಿದ ಒಂದರಲ್ಲಿ ಲೈಟ್ ಇಲ್ಲ. ಹೊರಗೆ ಮೂವತ್ತು ಜನರ ಸಾಲು. ಹಾಸನದಿಂದ ಬಂದಿದ್ದ ಚಿಕ್ಕಮ್ಮ ಬಾಗಿಲವರೆಗೆ ಬಂದು, ಸೀರೆ ಎತ್ತಿ ಹಿಡಿದು, ಒಳಗೆ ಇಣುಕಿ ವಾಪಸ್ ತಿರುಗಿದರು. “ಬೇಡ ಕಣೇ, ಮನೆಗೇ ಹೋಗೋಣ ಆಮೇಲೆ” ಅಂದರು. ಸಿನಿಮಾ ಸುಮಾರು ಎರಡು ಮುಕ್ಕಾಲು ಗಂಟೆ. ಎರಡನೇ ಅರ್ಧ ಪೂರ್ತಿ ಅವರು ಕಾಲು ಹೆಣೆದುಕೊಂಡು ಕೂತಿದ್ದರು. ಕ್ಲೈಮ್ಯಾಕ್ಸ್‌ನಲ್ಲಿ ಏನಾಯಿತು ಅಂತ ಮನೆಗೆ ಬಂದ ಮೇಲೆ ನಾನು ಹೇಳಬೇಕಾಯಿತು.

ಖರ್ಚು? ಟಿಕೆಟ್ 1,400, ಎಲ್ಲರಿಗೂ ಪಫ್ಸ್ ಮತ್ತು ಟೀ ಸೇರಿ 350. ತಲೆಗೆ 250 ರೂಪಾಯಿ.

ಅಕ್ಟೋಬರ್ 12, ಭಾನುವಾರ, ಮಲ್ಟಿಪ್ಲೆಕ್ಸ್. ಪಿಯುಸಿ ಓದುವ ಐದು ಹುಡುಗಿಯರು ಮತ್ತು ನಾನು. ಟಿಕೆಟ್ ತಲಾ 350, ಆರು ಜನಕ್ಕೆ 2,100. ಬುಕಿಂಗ್ ಶುಲ್ಕ ಅಂತ ಇನ್ನೊಂದು 200. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್, ಕೋಲಾ, ಯಾರೋ ಒಬ್ಬಳಿಗೆ ನ್ಯಾಚೋಸ್. ಬಿಲ್ 1,780. ಒಟ್ಟು 4,080. ತಲೆಗೆ 680 ರೂಪಾಯಿ.

ಚಿತ್ರದ ವಿಷಯದಲ್ಲಿ ತಕರಾರೇ ಇಲ್ಲ. ಮೊದಲ ಸಲ ಕಪ್ಪಗೆ ಕಂಡಿದ್ದ ಕಾಡಿನಲ್ಲಿ ಮರ ಇದೆ, ಬಳ್ಳಿ ಇದೆ, ಹಿಂದೆ ನಿಂತ ಜನ ಇದ್ದಾರೆ ಅಂತ ಗೊತ್ತಾಗಿದ್ದು ಇಲ್ಲೇ. ಶಬ್ದ ಹೊಟ್ಟೆಯೊಳಗೆ ಗುದ್ದಿದ ಹಾಗೆ. ಟಾಯ್ಲೆಟ್‌ನಲ್ಲಿ ನೀರು, ಸೋಪು, ಬ್ಯಾಗ್ ನೇತುಹಾಕಲು ಕೊಕ್ಕೆ ಕೂಡ ಇತ್ತು. ಕೊಕ್ಕೆಗೆ ಯಾಕೆ ಇಷ್ಟು ಖುಷಿ ಅಂತ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಜನ? ಎಲ್ಲರೂ ಪರೀಕ್ಷೆ ಹಾಲ್‌ನಲ್ಲಿ ಕೂತ ಹಾಗೆ ಕೂತಿದ್ದರು. ರಥದ ದೃಶ್ಯಕ್ಕೆ ನಮ್ಮ ಹುಡುಗಿಯರಲ್ಲಿ ಒಬ್ಬಳು ಶಿಳ್ಳೆ ಹಾಕಿದಳು. ಮುಂದಿನ ಸಾಲಿನ ಒಬ್ಬರು ಕುತ್ತಿಗೆ ಪೂರ್ತಿ ತಿರುಗಿಸಿ ನೋಡಿದರು. ಅವಳು ಮತ್ತೆ ಹಾಕಲಿಲ್ಲ. ಅದೇ ಮನುಷ್ಯ ಇಂಟರ್ವಲ್ ಆದಮೇಲೆ ಅರ್ಧ ಗಂಟೆ ಮೊಬೈಲ್‌ನಲ್ಲಿ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದರು, ಬ್ರೈಟ್‌ನೆಸ್ ಪೂರ್ತಿ ಇಟ್ಟು.

ಬಾಗಿಲಲ್ಲೇ ಬ್ಯಾಗ್ ನೋಡಿ ಕೋಡುಬಳೆ ಡಬ್ಬಿ ತೆಗೆಸಿದರು. ಅದಕ್ಕೆ ಕಾನೂನಿನ ಬಲ ಇದೆ. ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಥಿಯೇಟರಿನವರಿಗೆ ಇದೆ, ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ನೀರು ಎಲ್ಲಿ ಅಂತ ಮೂರು ಜನರನ್ನು ಕೇಳಿದ ಮೇಲೆ ಸಿಕ್ಕಿತು. ಟಾಯ್ಲೆಟ್ ಪಕ್ಕದ ಮೂಲೆಯಲ್ಲಿ, ಗಿಡದ ಕುಂಡದ ಹಿಂದೆ.

ಇಲ್ಲಿ ಸ್ವಲ್ಪ ರಾಜಕೀಯ. 200 ರೂಪಾಯಿಗಿಂತ ಜಾಸ್ತಿ ಟಿಕೆಟ್ ಬೇಡ ಅನ್ನುವ ಮಾತು ನಮ್ಮ ರಾಜ್ಯದಲ್ಲಿ ಹೊಸದಲ್ಲ. 2017ರಲ್ಲೇ ಸಿದ್ದರಾಮಯ್ಯ ಸರ್ಕಾರ ಮಾಡಹೊರಟಿತ್ತು, ನಿಲ್ಲಲಿಲ್ಲ. 2025ರ ಮಾರ್ಚ್ ಬಜೆಟ್‌ನಲ್ಲಿ ಮತ್ತೆ ಹೇಳಿದರು. ಸೆಪ್ಟೆಂಬರ್ 12ಕ್ಕೆ ನಿಯಮವೂ ಬಂತು. ಎಲ್ಲ ಭಾಷೆಯ ಸಿನಿಮಾಗೂ, ಎಲ್ಲ ಥಿಯೇಟರಿಗೂ ತೆರಿಗೆ ಬಿಟ್ಟು 200 ರೂಪಾಯಿ. 75 ಸೀಟಿನೊಳಗಿನ ಐಷಾರಾಮಿ ಸ್ಕ್ರೀನ್‌ಗಳಿಗೆ ಮಾತ್ರ ವಿನಾಯಿತಿ. ಹನ್ನೊಂದೇ ದಿನಕ್ಕೆ, ಅಂದರೆ ಸೆಪ್ಟೆಂಬರ್ 23ಕ್ಕೆ, ಹೈಕೋರ್ಟ್ ತಡೆ ಕೊಟ್ಟಿತು. ವಾರದ ನಂತರ ವಿಭಾಗೀಯ ಪೀಠ, ಮಾರಿದ ಪ್ರತಿ ಟಿಕೆಟ್ಟಿನ ಲೆಕ್ಕ ಇಡಿ, ಸರ್ಕಾರ ಗೆದ್ದರೆ ಜನರಿಗೆ ದುಡ್ಡು ವಾಪಸ್ ಕೊಡಬೇಕಾಗುತ್ತೆ ಅಂತ ಹೇಳಿತು. ನಾನು ಖುಷಿಯಿಂದ ಟಿಕೆಟ್ಟಿನ ಮೆಸೇಜ್ ಅಳಿಸದೆ ಇಟ್ಟುಕೊಂಡಿದ್ದೆ. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತಿಗೂ ತಡೆ ಹಾಕಿತು. ಅದೇ ದಿನ ಪೀಠದಿಂದ, ನೀರಿನ ಬಾಟಲಿಗೆ 100, ಕಾಫಿಗೆ 700 ತಗೊಳ್ತೀರಿ ಅನ್ನುವ ಅರ್ಥದ ಮಾತೂ ಬಂತು.

ನನಗೆ ಈ ನಿಯಮದ ಮೇಲೆ ಸಿಟ್ಟಿಲ್ಲ, ಅನುಮಾನ ಇದೆ. ನನ್ನ ಬಿಲ್ಲನ್ನೇ ತಗೊಳ್ಳಿ. ಟಿಕೆಟ್ 350ರಿಂದ 200ಕ್ಕೆ ಇಳಿದಿದ್ದರೆ 900 ರೂಪಾಯಿ ಉಳಿಯುತ್ತಿತ್ತು. ಆಗಲೂ 3,180 ಕೊಟ್ಟೇ ಬರಬೇಕಿತ್ತು. ಪಾಪ್‌ಕಾರ್ನ್‌ಗೆ ಯಾವ ಮಿತಿಯೂ ಇಲ್ಲವಲ್ಲ. ಇನ್ನೊಂದು ಭಯ ಇದೆ. ಮಲ್ಟಿಪ್ಲೆಕ್ಸ್‌ನ ತಣ್ಣನೆ ಸೀಟು, ಕೊಕ್ಕೆ ಇರುವ ಟಾಯ್ಲೆಟ್ ಎಲ್ಲ 200ಕ್ಕೇ ಸಿಕ್ಕರೆ, ಅದೇ 200 ಕೊಟ್ಟು ಆ ಹಳೇ ಬಾಲ್ಕನಿಗೆ ಯಾರು ಬರುತ್ತಾರೆ? ನಮ್ಮೂರ ಶಾಂತಲಾ ಥಿಯೇಟರ್ 2020ರಲ್ಲಿ ಮುಚ್ಚಿತು. ಬೆಂಗಳೂರಲ್ಲಿ ಕಪಾಲಿ ಹೋಗಿ ಎಷ್ಟೋ ವರ್ಷ ಆಯಿತು, 2024ರಲ್ಲಿ ಕಾವೇರಿಯೂ ಹೋಯಿತು. ಟಿಕೆಟ್ ದರಕ್ಕೆ ನಿಯಮ ಬರೆದ ಹಾಗೆ, ಬೀಳುತ್ತಿರುವ ಥಿಯೇಟರಿನ ಟಾಯ್ಲೆಟ್ಟಿಗೆ ಚಿಲಕ, ಪ್ರೊಜೆಕ್ಟರಿಗೆ ದೀಪ ಹಾಕಿಸಲು ಸ್ವಲ್ಪ ಸಾಲ ಸಹಾಯ ಮಾಡಿದ್ದರೆ ನಾನಂತೂ ತಿಂಗಳಿಗೆರಡು ಸಲ ಅಲ್ಲೇ ಹೋಗುತ್ತಿದ್ದೆ.

ಅಕ್ಟೋಬರ್ 31ಕ್ಕೆ ಓಟಿಟಿಗೆ ಬಂತು. ಸರಿಯಾಗಿ ಲೆಕ್ಕ ಹಾಕಿದರೆ 29 ದಿನ. “ಇನ್ನೊಂದು ತಿಂಗಳು ಕಾದಿದ್ದರೆ 4,000 ಉಳೀತಿತ್ತು” ಅಂತ ಇವರು ಇವತ್ತಿಗೂ ಹೇಳುತ್ತಾರೆ. ಇವರು ಸಿಂಗಲ್ ಸ್ಕ್ರೀನ್‌ಗೂ ಬಂದಿರಲಿಲ್ಲ, ಅದು ಬೇರೆ ಮಾತು.

ನಮ್ಮ ಟಿವಿ 43 ಇಂಚು. ಅಂಗಡಿಯಲ್ಲಿ ದೊಡ್ಡದಾಗಿ ಕಂಡಿತ್ತು. ಆದರೆ ಅಗಲ ಪರದೆಯ ಸ್ಕೋಪ್ ಸಿನಿಮಾ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು, ಚಿತ್ರದ ಎತ್ತರ ಬರೀ 40 ಸೆಂಟಿಮೀಟರ್ ಉಳಿಯುತ್ತೆ. ಎರಡು ಗೇಣೂ ಇಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಶಬ್ದ. ಅತ್ತೆಗೆ 74, ಕಿವಿ ಸ್ವಲ್ಪ ಮಂದ. ಮಾತು ಕೇಳಿಸುವುದಿಲ್ಲ ಅಂತ ಜಾಸ್ತಿ ಮಾಡಿದರೆ ಮುಂದಿನ ಕ್ಷಣ ಚಂಡೆ ಮನೆ ಹಾರಿಸುತ್ತೆ. ಕಡಿಮೆ ಮಾಡಿದರೆ ಮತ್ತೆ ಪಿಸುಮಾತು. ಕಾರಣ ಇಷ್ಟೇ. ಓಟಿಟಿಯಿಂದ ಬರುವುದು 5.1 ಶಬ್ದ, ಅಂದರೆ ಆರು ಸ್ಪೀಕರಿಗೆ ಹಂಚಿದ್ದು. ಮಾತೆಲ್ಲ ಮಧ್ಯದ ಸ್ಪೀಕರಿಗೆ ಅಂತ ಇಟ್ಟಿರುತ್ತಾರೆ. ನಮ್ಮ ಟಿವಿಗೆ ಇರುವುದು ಎರಡೇ ಸ್ಪೀಕರ್, ಅವೂ ಕೆಳಕ್ಕೆ ಮುಖ ಮಾಡಿ ಕೂತಿವೆ. ಎಲ್ಲವನ್ನೂ ಅದರಲ್ಲೇ ತುರುಕಿದಾಗ ಮಾತು ಮುಳುಗುತ್ತೆ. ಸೆಟ್ಟಿಂಗ್ಸ್‌ನಲ್ಲಿ ಸ್ಟೀರಿಯೋ ಆರಿಸಿ, ಮಾತು ಎತ್ತಿ ಕೊಡುವ ಮೋಡ್ ಹಾಕಿದ ಮೇಲೆ ಎಷ್ಟೋ ವಾಸಿ. ಸೌಂಡ್‌ಬಾರ್ ತಗೊಳ್ಳುವ ಮೊದಲು ಇದನ್ನು ಮಾಡಿ ನೋಡಿ, ದುಡ್ಡು ಬೇಡ.

ಜೊತೆಗೆ ಇನ್ನೊಂದು ಕೆಲಸ ಮಾಡಿದೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದಲ್ಲಿ. ಟಿವಿ ಅದರ ಮಧ್ಯೆ ತಾನೇ ಚಿತ್ರ ಹುಟ್ಟಿಸಿ ನುಣ್ಣಗೆ ಮಾಡುತ್ತೆ. ಆಗ ಯುದ್ಧವೂ ಸಂಜೆ ಏಳೂವರೆಯ ಧಾರಾವಾಹಿ ಥರ ಕಾಣುತ್ತೆ. ಅದನ್ನು ಆಫ್ ಮಾಡಿದೆ. ಅತ್ತೆ ಐದು ನಿಮಿಷ ನೋಡಿ, “ಮೊದಲೇ ಚೆನ್ನಾಗಿತ್ತಲ್ಲಮ್ಮ, ಎಲ್ಲ ತಿಳಿಯಾಗಿ ಕಾಣ್ತಿತ್ತು” ಅಂದರು. ಮತ್ತೆ ಆನ್ ಮಾಡಿದೆ. ಏನು ಮಾಡುವುದು!

ಅವರಿಗೆ ನಿಜವಾಗಿ ಬೇಕಾಗಿದ್ದು ಕನ್ನಡ ಸಬ್‌ಟೈಟಲ್. ಕನ್ನಡ ಪೇಪರ್ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ಅವರು. ಆದರೆ ಕನ್ನಡ ಸಿನಿಮಾಗೆ ಕನ್ನಡದಲ್ಲೇ ಅಕ್ಷರ ಹಾಕುವುದು ಓಟಿಟಿಗಳಲ್ಲಿ ಅಪರೂಪ. ಇಂಗ್ಲಿಷ್ ಇರುತ್ತೆ. ಮಾರ್ಚ್‌ನ ಅದೇ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗೆ ಸರ್ಕಾರವೇ ಓಟಿಟಿ ಮಾಡುತ್ತೆ ಅಂತ ಹೇಳಿದ್ದರು. ಮೈಸೂರಿಗೆ ಫಿಲ್ಮ್ ಸಿಟಿ ಅಂತಾನೂ ಇತ್ತು, ಇರಲಿ. ಆ ಓಟಿಟಿ ಬಂದರೆ ಮೊದಲು ಈ ಒಂದು ಕೆಲಸ ಮಾಡಲಿ. ಕಿವಿ ಕೇಳದ ಕನ್ನಡಿಗರಿಗೆ ಅದೇ ದೊಡ್ಡ ಉಪಕಾರ.

ಇಷ್ಟೆಲ್ಲ ಇದ್ದರೂ ಅತ್ತೆ ಸಿನಿಮಾ ಪೂರ್ತಿ ನೋಡಿದ್ದು ಮನೆಯಲ್ಲೇ. ಮೂರು ಸಲ ನಿಲ್ಲಿಸಿದೆವು. ಮಾತ್ರೆಗೆ ಒಂದು ಸಲ, ಹಾಲು ಉಕ್ಕಿತು ಅಂತ ಒಂದು ಸಲ, “ಇವನು ಯಾರು, ಆಗ ಬಂದವನೇನಾ?” ಅಂತ ಕೇಳಲು ಒಂದು ಸಲ. ಥಿಯೇಟರಿನಲ್ಲಿ ಇದಕ್ಕೆ ಅವಕಾಶ ಎಲ್ಲಿದೆ?

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಸ್ಟಾರ್ ಸಿನಿಮಾ, ಮೊದಲ ವಾರ ಆದರೆ ಸಿಂಗಲ್ ಸ್ಕ್ರೀನ್, ನೀರು ಕಡಿಮೆ ಕುಡಿದು. ಬರೀ ಮಾತುಕತೆಯ ಸಿನಿಮಾ ಆದರೆ ತಿಂಗಳು ಕಾದು ಮನೆಯಲ್ಲಿ. ಮಲ್ಟಿಪ್ಲೆಕ್ಸ್‌ಗೆ ವಾರದ ಮಧ್ಯೆ, ಬೆಳಗಿನ ಶೋ, ಹೊಟ್ಟೆ ತುಂಬ ತಿಂದುಕೊಂಡು. ಮಗಳ ಹುಟ್ಟುಹಬ್ಬ ಭಾನುವಾರ ಬರದಿರಲಿ ಅಂತ ಬೇಡಿಕೊಳ್ಳುತ್ತೇನೆ.

ಪ್ರೊಜೆಕ್ಟರ್ ಕಥೆ ಈ ಲೆಕ್ಕಕ್ಕೆ ಸೇರುವುದಿಲ್ಲ. ತಮ್ಮ ಅದನ್ನು ಆನ್‌ಲೈನ್‌ನಲ್ಲಿ 9,000ಕ್ಕೆ ತರಿಸಿದ್ದ. ಡಬ್ಬದ ಮೇಲೆ 12,000 ಲ್ಯೂಮೆನ್ಸ್ ಅಂತ ದಪ್ಪಕ್ಷರ. ಒಳಗಿನ ಕಾಗದದಲ್ಲಿ ಸಣ್ಣಕ್ಷರದಲ್ಲಿ 250 ಎಎನ್‌ಎಸ್‌ಐ ಅಂತ ಇತ್ತು. ಪರದೆಗೆ ಬೀಳುವ ಬೆಳಕಿನ ನಿಜವಾದ ಅಳತೆ ಎರಡನೆಯದು. ತಗೊಳ್ಳುವವರು ಅದನ್ನೇ ನೋಡಬೇಕು. ನವೆಂಬರ್ ಮಧ್ಯದ ಒಂದು ಶನಿವಾರ ತಾರಸಿಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಇವರ ಬಿಳಿ ಪಂಚೆ ಕಟ್ಟಿದೆವು. ಕೆಳಗಡೆ ಹಸಿರು ಅಂಚು ಹಾಗೇ ಉಳಿಯಿತು. ಬೀದಿ ದೀಪ ಅರ್ಧ ಚಿತ್ರವನ್ನು ತಿಂದುಹಾಕಿತು. ಗಾಳಿ ಬಂದಾಗಲೆಲ್ಲ ರಾಜನ ಮುಖ ಉಬ್ಬುತ್ತಿತ್ತು. ಬ್ಲೂಟೂತ್ ಸ್ಪೀಕರಿನಲ್ಲಿ ತುಟಿ ಮೊದಲು, ಮಾತು ಆಮೇಲೆ. ಸೊಳ್ಳೆ ಬತ್ತಿ ಎರಡು ಸುಟ್ಟೆವು.

ನೋಡುವ ಹಾಗೇ ಇರಲಿಲ್ಲ. ಆರಿಸಿಬಿಡೋಣ ಅಂತ ತಮ್ಮ ಎದ್ದ. ಆಗ ಎದುರುಮನೆ ತಾರಸಿಯಿಂದ ಒಂದು ದನಿ ಬಂತು. ನೋಡಿದರೆ ಆ ಮನೆಯ ಹುಡುಗ, ಅವನ ತಂಗಿ, ಅವರ ಅಜ್ಜಿ, ಮೂರೂ ಜನ ಗೋಡೆಗೆ ಮೊಣಕೈ ಊರಿ ನಿಂತಿದ್ದಾರೆ. ಎಷ್ಟು ಹೊತ್ತಿಂದ ನಿಂತಿದ್ದರೋ.

“ಆಂಟೀ, ರಥದ್ದು ಇನ್ನೂ ಬಂದಿಲ್ಲ ಅಲ್ವಾ? ಸ್ವಲ್ಪ ಈ ಕಡೆ ತಿರುಗಿಸಿ, ಪ್ಲೀಸ್.”

ಪಂಚೆಯ ಒಂದು ತುದಿ ಬಿಚ್ಚಿ ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಿದೆ.