ಕಾರವಾರದ ಸೆಕೆಗೆ ಯಾವ ಪೆಪ್ಟೈಡ್? ಸೀರಮ್‌ಗಿಂತ ಪಂಪಿನ ಕ್ರೀಮೇ ವಾಸಿ

ಘಟ್ಟದ ಕೆಳಗೆ ಇರುವವರು ಸುಕ್ಕಿಗೆಂದು ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಣುಕು) ಕೊಳ್ಳುವುದಾದರೆ ಡ್ರಾಪರ್ ಬಾಟಲಿಯ ಸೀರಮ್ ಬಿಡಿ. ಪಂಪ್ ಬಾಟಲಿಯಲ್ಲಿ ಬರುವ ತೆಳ್ಳನೆಯ ಪೆಪ್ಟೈಡ್ ಕ್ರೀಮ್ ತಗೊಳ್ಳಿ, ರಾತ್ರಿ ಹಚ್ಚಿ. ಸೀರಮ್, ಕಾಪರ್ ಪೆಪ್ಟೈಡ್, ಅರ್ಜಿರಲೀನ್ ಎಂಬ ಇನ್ನೊಂದು ಪೆಪ್ಟೈಡ್, ವಿಟಮಿನ್ ಎ ಜಾತಿಯ ರೆಟಿನಾಲ್ ಎಲ್ಲವನ್ನೂ ಈ ಹವೆಯಲ್ಲಿ ಬಳಸಿ ನೋಡಿದ ಮೇಲೆ ನನ್ನ ಓಟು ಇದಕ್ಕೇ.

ಮೊದಲು ಲೇಬಲ್ ಲೆಕ್ಕ. ಸೀರಮ್ ಬಾಟಲಿ ಮೇಲೆ ‘ಮ್ಯಾಟ್ರಿಕ್ಸಿಲ್ 3000 – 10%’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ನೂರಕ್ಕೆ ಹತ್ತು ಭಾಗ ಪೆಪ್ಟೈಡೇ ಇದೆ ಎಂದುಕೊಳ್ಳಬೇಡಿ. ಅದು ಫ್ರಾನ್ಸಿನ ಸೆಡರ್ಮಾ ಕಂಪನಿ ಆ ಹೆಸರಿನಲ್ಲಿ ತಯಾರಿಸಿ ಕೊಡುವ ಪೆಪ್ಟೈಡ್ ದ್ರಾವಣದ ಪ್ರಮಾಣ. ಆ ದ್ರಾವಣದಲ್ಲಿ ಬಹುಪಾಲು ಗ್ಲಿಸರಿನ್, ನೀರು, ಬ್ಯೂಟಿಲೀನ್ ಗ್ಲೈಕಾಲ್. ಪಾಮಿಟಾಯ್ಲ್ ಟ್ರೈಪೆಪ್ಟೈಡ್-1, ಪಾಮಿಟಾಯ್ಲ್ ಟೆಟ್ರಾಪೆಪ್ಟೈಡ್-7 ಎಂಬ ಅಸಲಿ ಸಾಮಾನು ಇರುವುದು ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಲೆಕ್ಕದಲ್ಲಿ. ಇದರಲ್ಲಿ ಮೋಸವೇನಿಲ್ಲ, ಪೆಪ್ಟೈಡ್ ಕೆಲಸ ಮಾಡುವುದೇ ಅಷ್ಟು ಚೂರಿನಲ್ಲಿ. ಇದೇ ಕುಟುಂಬದ ಪಾಮಿಟಾಯ್ಲ್ ಪೆಂಟಾಪೆಪ್ಟೈಡ್ ಬಗ್ಗೆ 2005ರಲ್ಲಿ ಒಂದು ಪ್ರಯೋಗದ ವರದಿ ಬಂದಿತ್ತು. 35ರಿಂದ 55 ವರ್ಷದ 93 ಹೆಂಗಸರು 12 ವಾರ ಮುಖದ ಒಂದು ಬದಿಗೆ ಬರೀ ಮಾಯಿಶ್ಚರೈಸರ್, ಇನ್ನೊಂದು ಬದಿಗೆ ಅದೇ ಮಾಯಿಶ್ಚರೈಸರ್‌ಗೆ 3 ಪಿಪಿಎಂ ಪೆಪ್ಟೈಡ್ ಬೆರೆಸಿದ್ದನ್ನು ಹಚ್ಚಿಕೊಂಡರು. ಪೆಪ್ಟೈಡ್ ಬದಿಯಲ್ಲಿ ಸಣ್ಣ ಗೆರೆಗಳು ತುಸು ತಗ್ಗಿದವು. ತುಸು, ಅಷ್ಟೇ. ಮತ್ತೆ ಅವರು ಹಚ್ಚಿದ್ದು ಮಾಯಿಶ್ಚರೈಸರಿನಲ್ಲಿ ಬೆರೆಸಿದ ಪೆಪ್ಟೈಡ್ ಎಂಬುದನ್ನು ಸೀರಮ್ ಮಾರುವವರು ಹೇಳುವುದಿಲ್ಲ.

ಈಗ ಅಸಲಿ ಕಿರಿಕಿರಿಗೆ ಬರೋಣ. ಬೆಳಿಗ್ಗೆ ಸೀರಮ್ ಹಚ್ಚಿ, ಮೇಲೆ ಸನ್‌ಸ್ಕ್ರೀನ್ ತಿಕ್ಕುತ್ತೀರಿ. ರಬ್ಬರಿನಿಂದ ಪೆನ್ಸಿಲ್ ಅಳಿಸಿದಾಗ ಉದುರುವ ಪುಡಿಯ ಹಾಗೆ ಬಿಳಿ ಎಳೆಗಳು ಸುತ್ತಿಕೊಂಡು ಬರುತ್ತವೆ. ಮೂಗಿನ ಪಕ್ಕ, ದವಡೆಯ ಅಂಚು, ಕೂದಲು ಶುರುವಾಗುವ ಕಡೆ ಜಾಸ್ತಿ. ಹೆಲ್ಮೆಟ್ ಪಟ್ಟಿ ಗದ್ದಕ್ಕೆ ಉಜ್ಜುವಲ್ಲಿ ಪೂರ್ತಿ ಎದ್ದು ಹೋಗುತ್ತದೆ. ಕೋಡಿಬಾಗದಿಂದ ಪೇಟೆಗೆ ಬರುವಷ್ಟರಲ್ಲಿ ಕಪ್ಪು ಚೂಡಿದಾರದ ಕೊರಳಿನ ಮೇಲೆ ಬಿಳಿ ಹೊಟ್ಟು.

ಕಾರಣ ಹವೆ ಮತ್ತು ಗ್ಲಿಸರಿನ್ ಎರಡೂ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದು ಹಿಡಿದುಕೊಳ್ಳುವ ವಸ್ತು. ಒಣ ಹವೆಯಲ್ಲಿ ಸೀರಮ್‌ನ ನೀರು ಬೇಗ ಆರಿ ತೆಳುವಾದ ಪದರ ಕೂರುತ್ತದೆ. ಮೃಗಶಿರ ಮಳೆ ಹಿಡಿದ ಮೇಲೆ ಕರಾವಳಿಯಲ್ಲಿ ಬಟ್ಟೆಯೇ ಆರುವುದಿಲ್ಲ, ಸೀರಮ್ ಎಲ್ಲಿಂದ ಆರಬೇಕು? ಅಂಟಂಟಾಗಿಯೇ ಉಳಿಯುತ್ತದೆ. ಸೀರಮ್ ದಪ್ಪಗಾಗಲೆಂದು ಹಾಕಿದ ಕ್ಸಾಂಥನ್ ಗಮ್, ಕಾರ್ಬೋಮರ್, ಹೈಯಲುರಾನಿಕ್ ಆಸಿಡ್‌ಗಳದ್ದೂ ಮೇಲೊಂದು ಪೊರೆ. ಅದರ ಮೇಲೆ ಸಿಲಿಕೋನ್ ಜೆಲ್ ಮಾದರಿಯ ಸನ್‌ಸ್ಕ್ರೀನ್ ತಿಕ್ಕಿದರೆ ಎರಡೂ ಬೆರೆಯದೆ ಪೊರೆಯೇ ಕಿತ್ತು ಸುರುಳಿಯಾಗುತ್ತದೆ. ಅಡಿಯಿಂದ ಬೆವರು ಬೇರೆ. ಲೇಬಲ್ಲಿನ ಶೇಕಡಾ ಹೆಚ್ಚಿದಷ್ಟೂ ಗ್ಲಿಸರಿನ್ನೂ ಹೆಚ್ಚುವುದರಿಂದ, ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ಅಂಟು ತಂದುಕೊಂಡ ಹಾಗೆ ಆಗುತ್ತದೆ.

ನೋಡಲಿಕ್ಕೆ ಕೆಟ್ಟದಾಗಿ ಕಾಣುವುದೊಂದೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಆ ಎಳೆಗಳ ಜೊತೆ ಸನ್‌ಸ್ಕ್ರೀನ್ ಕೂಡ ಉದುರಿ ಹೋಗಿರುತ್ತದೆ. ಮುಖದ ಸುಕ್ಕಿಗೆ ದೊಡ್ಡ ಕಾರಣ ಬಿಸಿಲು. ತುಸು ಗೆರೆ ತಗ್ಗಿಸುವ ಸೀರಮ್‌ಗಾಗಿ ಬಿಸಿಲು ತಡೆಯುವುದನ್ನೇ ಕಳಕೊಂಡರೆ ಲೆಕ್ಕ ತಲೆಕೆಳಗು.

ಬಾಟಲಿ ಆಗಲೇ ತಂದಾಗಿದ್ದರೆ ಹೀಗೆ ಮಾಡಿ. ಡ್ರಾಪರ್ ತುಂಬ ಬೇಡ, ಇಡೀ ಮುಖಕ್ಕೆ ಮೂರು ಹನಿ ಸಾಕು. ಫ್ಯಾನಿನ ಕೆಳಗೆ ಹತ್ತು ನಿಮಿಷ ಬಿಡಿ. ನಡುವೆ ಮಾಯಿಶ್ಚರೈಸರ್ ಹಾಕಬೇಡಿ. ಸನ್‌ಸ್ಕ್ರೀನನ್ನು ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿಕೊಂಡು, ಅರ್ಧರ್ಧ ಮಾಡಿ ಎರಡು ಸಲ ಒತ್ತಿ ಕೂರಿಸಿ, ತಿಕ್ಕಬೇಡಿ. ನೀರಿನಂತೆ ತೆಳ್ಳಗಿರುವ ಸನ್‌ಸ್ಕ್ರೀನ್ ಜೊತೆ ಈ ಕಾಟ ಕಡಿಮೆ. ಹೊಂದುತ್ತದೋ ಇಲ್ಲವೋ ನೋಡಲು ಮುಂಗೈ ಒಳಭಾಗಕ್ಕೆ ಇದೇ ಕ್ರಮದಲ್ಲಿ ಹಚ್ಚಿ, ಕಾಲು ಗಂಟೆ ಬಿಟ್ಟು ಬೆರಳಿನಿಂದ ಉಜ್ಜಿ. ಅಲ್ಲಿ ಎಳೆ ಬಂದರೆ ಮುಖದ ಮೇಲೆ ಖಂಡಿತ ಬರುತ್ತದೆ. ಕರೆಂಟ್ ಹೋದ ದಿನ ಮಾತ್ರ ಇದ್ಯಾವುದೂ ನಡೆಯುವುದಿಲ್ಲ.

ಪಂಪಿನ ಕ್ರೀಮ್‌ಗೆ ಈ ತಲೆನೋವಿಲ್ಲ. ರಾತ್ರಿ ಮುಖ ತೊಳೆದು, ಒಂದು ಪಂಪ್ ಹಚ್ಚಿ ಮಲಗಿದರೆ ಮುಗಿಯಿತು, ಬೇರೆ ಮಾಯಿಶ್ಚರೈಸರ್ ಖರ್ಚೂ ಉಳಿಯಿತು. ಪಾಮಿಟಾಯ್ಲ್ ಎಂದರೆ ಪೆಪ್ಟೈಡ್‌ಗೆ ಜೋಡಿಸಿದ ಕೊಬ್ಬಿನ ಬಾಲ. ಚರ್ಮದ ಮೇಲ್ಪದರದ ಕೋಶಗಳ ನಡುವೆಯೂ ಕೊಬ್ಬೇ ಇರುವುದರಿಂದ ಆ ಬಾಲ ಒಳಹೋಗಲು ನೆರವಾಗುತ್ತದೆ. ಗಾಳಿಯಾಡದ ಪಂಪಾದರೆ ಪ್ರತಿ ಸಲ ಹೊರಗಿನ ಗಾಳಿ ಒಳಹೋಗುವುದಿಲ್ಲ, ಡ್ರಾಪರ್ ತುದಿ ಮುಖಕ್ಕೆ ತಾಗಿ ಬಾಟಲಿ ಕೆಡುವ ಭಯವೂ ಇಲ್ಲ. ಬಾಯಗಲದ ಡಬ್ಬಿಯಲ್ಲಿ ಬರುವ ಕ್ರೀಮ್ ಬೇಡ. ಶಿಯಾ ಬಟರ್ ಹಾಕಿದ ದಪ್ಪ ಕ್ರೀಮೂ ಇಲ್ಲಿಯ ಹವೆಗೆ ಭಾರ, ಹಣೆ ಮೇಲೆ ಗುಳ್ಳೆ ಏಳುತ್ತವೆ. ಲೇಬಲ್ಲಿನಲ್ಲಿ ಪೆಪ್ಟೈಡ್ ಹೆಸರು ಫೀನಾಕ್ಸಿಎಥನಾಲ್ (ಕ್ರೀಮ್ ಕೆಡದಂತೆ ಹಾಕುವ ವಸ್ತು) ಆದ ಮೇಲೆ ಬಂದಿದೆ ಎಂದು ಬೇಸರ ಪಡಬೇಡಿ. 1%ಗಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು, ಪೆಪ್ಟೈಡ್ ಇರುವುದೇ ಅಲ್ಲಿ.

ಕಾಪರ್ ಪೆಪ್ಟೈಡ್ ನೀಲಿ ಬಣ್ಣದ್ದು. ವಿಜ್ಞಾನಿ ಲೋರೆನ್ ಪಿಕಾರ್ಟ್ 1973ರಲ್ಲಿ ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ಗುರುತಿಸಿದ ಜಿಎಚ್‌ಕೆ ಎಂಬ ಪೆಪ್ಟೈಡ್‌ಗೆ ತಾಮ್ರ ಸೇರಿದ ರೂಪ. ಅಣು ಸಣ್ಣದು, ಕೆಟ್ಟದ್ದೇನಲ್ಲ. ಆದರೆ ವಿಟಮಿನ್ ಸಿ ಸೀರಮ್ ಬಳಸುವವರಿಗೆ ಆಗಿಬರುವುದಿಲ್ಲ: ತಾಮ್ರ ಆಸ್ಕಾರ್ಬಿಕ್ ಆಸಿಡನ್ನು ಕೆಡಿಸುತ್ತದೆ, ಆಸಿಡ್ ತಾಮ್ರದ ಹಿಡಿತ ಬಿಡಿಸುತ್ತದೆ. ಒಂದು ಬೆಳಿಗ್ಗೆಗೆ, ಇನ್ನೊಂದು ರಾತ್ರಿಗೆ ಇಟ್ಟುಕೊಳ್ಳಬೇಕು. ನೀಲಿ ಹೋಗಿ ಹಸಿರಾದರೆ ಚೆಲ್ಲಿಬಿಡಿ. ಬೆಲೆ ನೋಡಿದರೆ ಚೆಲ್ಲಲು ಮನಸ್ಸು ಬರುವುದಿಲ್ಲ.

ಅರ್ಜಿರಲೀನ್‌ಗೆ ನನ್ನ ದುಡ್ಡಿಲ್ಲ. ‘ಬಾಟಲಿಯ ಬೊಟಾಕ್ಸ್’ ಎನ್ನುತ್ತಾರೆ, ಬೊಟಾಕ್ಸನ್ನು ಚುಚ್ಚಿ ಸ್ನಾಯುವಿಗೇ ಮುಟ್ಟಿಸುತ್ತಾರೆ, ಇದು ಮೇಲಿಂದ ಹಚ್ಚಿದ್ದು.

ರೆಟಿನಾಲ್ ಇವೆಲ್ಲಕ್ಕಿಂತ ಬಲಶಾಲಿ, ಅದರಲ್ಲಿ ವಾದವಿಲ್ಲ. ಬಟಾಣಿ ಗಾತ್ರ, ಮೊದಲು ವಾರಕ್ಕೆ ಎರಡು ರಾತ್ರಿ. ಮೂಗಿನ ಮೂಲೆ ಸಿಪ್ಪೆ ಏಳುತ್ತದೆ, ಅಲ್ಲಿಗೆ ಬೆವರು ಇಳಿದರೆ ಚುರುಚುರು. ಬಸಿರಿದ್ದವರು, ಬಸಿರಾಗಬೇಕೆಂದಿರುವವರು ಮುಟ್ಟಬಾರದು. ಶುರು ಮಾಡುವುದಿದ್ದರೆ ಏಪ್ರಿಲ್ ಬಿಸಿಲಿನಲ್ಲಿ ಬೇಡ, ಮಳೆಗಾಲ ಒಳ್ಳೆಯದು. ಮೋಡವಿದ್ದರೂ ಸನ್‌ಸ್ಕ್ರೀನ್ ಬಿಡುವ ಹಾಗಿಲ್ಲ. ತಡೆದುಕೊಳ್ಳುವ ಚರ್ಮವಿದ್ದರೆ ರೆಟಿನಾಲ್ ಹಚ್ಚಿ ಮೇಲೆ ಪೆಪ್ಟೈಡ್ ಕ್ರೀಮ್ ಹಚ್ಚಿ, ಒಂದಕ್ಕೊಂದು ಜಗಳವಿಲ್ಲ.

ತಿಂಗಳಿಗೆ ಇಂತಿಷ್ಟೇ ಎಂದು ಎತ್ತಿಡುವವರು ಮೊದಲು ಸನ್‌ಸ್ಕ್ರೀನಿಗೆ ಕೊಡಿ, ಉಳಿದದ್ದರಲ್ಲಿ ಪಂಪಿನ ಕ್ರೀಮ್. ದಿನಾ ಸ್ಕೂಟರಿನಲ್ಲಿ ಓಡಾಡುವ, ಬೆಳಿಗ್ಗೆ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಹತ್ತು ನಿಮಿಷ ಫ್ಯಾನಿನ ಕೆಳಗೆ ನಿಲ್ಲಲಾಗದ ನನ್ನಂಥವರಿಗೆ ಬೇರೆ ದಾರಿಯಿಲ್ಲ. ಶಿರಸಿ, ಸಿದ್ದಾಪುರದ ಕಡೆಯವರ ಮಾತು ಬೇರೆ. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಘಟ್ಟದ ಮೇಲೆ ಅದೇ ಸೀರಮ್ ಚೆನ್ನಾಗಿ ಕೂರುತ್ತದೆ, ಗ್ಲಿಸರಿನ್ನೂ ಉಪಕಾರಕ್ಕೆ ಬರುತ್ತದೆ. ಯಾವುದೇ ಇರಲಿ, ಮೊದಲ ವಾರ ಕಾಣುವ ನುಣುಪು ಬರೀ ನೀರಿನದು, ಪೆಪ್ಟೈಡ್ ಕೆಲಸ ನೋಡಲು 12 ವಾರ ಬೇಕು.

ಅರ್ಧ ಉಳಿದ ಸೀರಮ್ ಬಾಟಲಿ ಇದ್ದರೆ ಬುಡಕ್ಕೆ ತೆರೆದ ತಾರೀಕು ಬರೆದು ಫ್ರಿಜ್ಜಿನ ಬಾಗಿಲಲ್ಲಿಡಿ, ಲೇಬಲ್ಲಿನ ತೆರೆದ ಡಬ್ಬಿಯ ಚಿತ್ರದಲ್ಲಿ 6ಎಂ ಅಂತಿದ್ದರೆ ಆರು ತಿಂಗಳೊಳಗೆ ರಾತ್ರಿ ಹೊತ್ತು ಕುತ್ತಿಗೆಗೆ, ಕೈ ಮೇಲ್ಭಾಗಕ್ಕೆ ಹಚ್ಚಿ ಮುಗಿಸಿ.