ಮಳೆ ಹಿಡಿಯುವ ಮುನ್ನ ಇಳಿಸಿಕೊಳ್ಳಿ: ಇಂಟರ್ನೆಟ್ ಆರ್ಕೈವ್‌ನ ಪ್ರಳಯದ ಸಿನಿಮಾಗಳು

ಕಡಿಮೆ ದುಡ್ಡಿನಲ್ಲಿ ತೆಗೆದ ಪ್ರಳಯದ ಸಿನಿಮಾ ನೋಡುವ ಚಟವಿದ್ದವರಿಗೆ ಇಂಟರ್ನೆಟ್ ಆರ್ಕೈವ್‌ನಷ್ಟು ಒಳ್ಳೆಯ ಜಾಲತಾಣ ಇನ್ನೊಂದಿಲ್ಲ. ಕೊಡಗಿನಲ್ಲಿರುವವರಿಗಂತೂ ಅದು ಹೇಳಿ ಮಾಡಿಸಿದ ಹಾಗಿದೆ. ಇಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವಂತಿಲ್ಲ, ಟವರಿನ ಬ್ಯಾಟರಿ ಇಳಿದ ಮೇಲೆ ನೆಟ್‌ವರ್ಕೂ ಇರುವುದಿಲ್ಲ. ಓಟಿಟಿ ಆ್ಯಪ್‌ನಲ್ಲಿ ಇಳಿಸಿಟ್ಟದ್ದು ಗಡುವು ಮುಗಿದರೆ ತೆರೆಯುವುದಿಲ್ಲ. ಆರ್ಕೈವ್‌ನಿಂದ ಇಳಿಸಿದ ಫೈಲ್ ನಿಮ್ಮದೇ. ಪೆನ್‌ಡ್ರೈವ್‌ಗೆ ಹಾಕಿ ಯಾವ ಟಿವಿಯಲ್ಲಾದರೂ ನೋಡಬಹುದು. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದ ಸಂಸ್ಥೆ ಇದು, ಲಾಭಕ್ಕೆ ನಡೆಸುವುದಲ್ಲ. ಸಿನಿಮಾ ಇಳಿಸಲು ಖಾತೆ ಬೇಡ, ದುಡ್ಡು ಬೇಡ, ನಡುವೆ ಜಾಹೀರಾತಿನ ಕಾಟವೂ ಇಲ್ಲ.

ಇಂಥ ಸಿನಿಮಾಗಳನ್ನು ಯಾರಿಗೂ ಹೇಳದೆ ನೋಡುವ ರೂಢಿಯಿದೆ. ನಾಚಿಕೆಪಡುವಂಥದ್ದು ಅವುಗಳಲ್ಲಿ ಏನೂ ಇಲ್ಲ. ಊರು ಸುಡಲು, ಸೇತುವೆ ಬೀಳಿಸಲು ಕಾಸಿಲ್ಲದ ನಿರ್ದೇಶಕ ಲೋಕ ಹೇಗೆ ಮುಗಿಯಿತು ಎಂದು ಕೂತು ಯೋಚಿಸಲೇಬೇಕಾಗುತ್ತದೆ. ಆ ಯೋಚನೆ ತೆರೆಯ ಮೇಲೆ ಕಾಣುತ್ತದೆ, ನೋಡುವ ಸುಖ ಇರುವುದೂ ಅಲ್ಲೇ.

ಮೊದಲು ನೋಡಬೇಕಾದದ್ದು 'ದಿ ಲಾಸ್ಟ್ ಮ್ಯಾನ್ ಆನ್ ಅರ್ಥ್' (1964). ರಿಚರ್ಡ್ ಮ್ಯಾಥೆಸನ್‌ನ 1954ರ ಕಾದಂಬರಿ 'ಐ ಆ್ಯಮ್ ಲೆಜೆಂಡ್' ಇದಕ್ಕೆ ಆಧಾರ. ತಾನೂ ಕೈಹಾಕಿದ್ದ ಚಿತ್ರಕಥೆಯ ಗತಿ ಹಿಡಿಸದೆ ಆತ ತೆರೆಯಲ್ಲಿ ತನ್ನ ಹೆಸರನ್ನು 'ಲೋಗನ್ ಸ್ವಾನ್ಸನ್' ಎಂದು ಹಾಕಿಸಿಕೊಂಡ. ಕಥೆ ಅಮೆರಿಕದ್ದು, ಚಿತ್ರೀಕರಣ ನಡೆದದ್ದು ರೋಮ್‌ನಲ್ಲಿ. ಮೊದಲ ಹದಿನೈದು ನಿಮಿಷ ಗಮನವಿಟ್ಟು ನೋಡಿ. ಮೆಟ್ಟಿಲುಗಳ ಮೇಲೆ ಹೆಣಗಳು, ಚರ್ಚಿನ ಮುಂದೆ 'ಅಂತ್ಯ ಬಂದಿದೆ' ಎಂಬ ಬೋರ್ಡು. ಮನೆಯೊಳಗೆ ನಾಯಕನಟ ವಿನ್ಸೆಂಟ್ ಪ್ರೈಸ್ ಒಬ್ಬನೇ ಎದ್ದು, ಗೋಡೆಯ ಮೇಲೆ ತಾನೇ ಬರೆದುಕೊಂಡ ಕ್ಯಾಲೆಂಡರ್‌ನಲ್ಲಿ ದಿನ ಗುರುತು ಹಾಕುತ್ತಾನೆ. ರೋಗದಿಂದ ರಕ್ತಪಿಶಾಚಿಗಳಾದವರನ್ನು ದೂರವಿಡುವ ಬಾಗಿಲಿನ ಬೆಳ್ಳುಳ್ಳಿ ಬಾಡಿದೆ, ಕನ್ನಡಿ ಒಡೆದಿದೆ; ಎರಡನ್ನೂ ಹೊಸದಾಗಿ ತರಬೇಕು. ಲೇತಿನಲ್ಲಿ ಮರದ ಗೂಟ ಮಸೆದು ರಾಶಿ ಹಾಕಬೇಕು. ಬದುಕಿ ಉಳಿಯುವುದೆಂದರೆ ದಿನಾ ಬೆಳಗ್ಗೆ ಮಾಡಲೇಬೇಕಾದ ಮನೆಗೆಲಸ ಎಂದು ಇಷ್ಟು ಚೆನ್ನಾಗಿ ತೋರಿಸಿದ ದೊಡ್ಡ ಬಜೆಟ್ಟಿನ ಚಿತ್ರ ಸಿಗುವುದು ಕಷ್ಟ. ಕೊನೆಯ ಭಾಗ ಎಳೆದಂತಿದೆ. ಇಟಲಿಯ ನಟರಿಗೆ ಮಾಡಿದ ಡಬ್ಬಿಂಗ್ ತುಟಿಗೆ ಕೂರುವುದಿಲ್ಲ.

ಎರಡನೆಯದು ರೋಜರ್ ಕಾರ್ಮನ್‌ನ 'ಲಾಸ್ಟ್ ವುಮನ್ ಆನ್ ಅರ್ಥ್' (1960). ಪೋರ್ಟೊರಿಕೊದಲ್ಲಿ ಮೂವರು ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿದಿರುವಾಗ ಮೇಲಿನ ಗಾಳಿಯಲ್ಲಿ ಆಮ್ಲಜನಕವೇ ಇಲ್ಲವಾಗುತ್ತದೆ. ಎದ್ದು ಬಂದರೆ ದೋಣಿಯವನು ಸತ್ತಿದ್ದಾನೆ. ಕಟ್ಟಡ ಉರುಳಲಿಲ್ಲ, ಸೈನ್ಯ ಬರಲಿಲ್ಲ, ಲೋಕ ಮುಗಿದೇ ಹೋಯಿತು! ದಡ ಸೇರಿದವರು ಕಾಡಿನೊಳಗೆ ಹೊಕ್ಕು, ಗಿಡಮರಗಳು ಬಿಡುವ ಗಾಳಿಯಲ್ಲಿ ಉಸಿರು ಹಿಡಿಯುತ್ತಾರೆ. ವಿಜ್ಞಾನ ಸಡಿಲವಾದರೂ ಉಪಾಯ ಸೊಗಸಾಗಿದೆ. ಚಿತ್ರಕಥೆಗಾರ ರಾಬರ್ಟ್ ಟೌನ್ ಬರೆದು ಮುಗಿಸಿರಲಿಲ್ಲ; ಬೇರೆಯಾಗಿ ಕರೆದೊಯ್ಯಲು ಖರ್ಚು ತಾಳದೆ ಕಾರ್ಮನ್ ಅವನನ್ನೇ ನಟನನ್ನಾಗಿ ಮಾಡಿಕೊಂಡ. ತೆರೆಯಲ್ಲಿ ಅವನ ಹೆಸರು ಎಡ್ವರ್ಡ್ ವೇನ್. ಮುಂದೆ 'ಚೈನಾಟೌನ್' ಬರೆದು ಆಸ್ಕರ್ ಪಡೆದವನು ಇವನೇ. ನಟನೆ ಸಾಧಾರಣ. ಬದುಕಿ ಉಳಿದ ಮೂವರಲ್ಲಿ ಹೆಂಗಸು ಒಬ್ಬಳೇ ಆದಾಗ ಹುಟ್ಟುವ ಬಿಗುವು ಮಾತ್ರ ನಿಜವಾದದ್ದು.

ಜಾರ್ಜ್ ರೊಮೆರೊನ 'ನೈಟ್ ಆಫ್ ದ ಲಿವಿಂಗ್ ಡೆಡ್' (1968) ಪ್ರಳಯ ಶುರುವಾಗುವ ರಾತ್ರಿಯ ಕಥೆ. ಖರ್ಚು ಸುಮಾರು 1,14,000 ಡಾಲರ್. ಒಂದು ತೋಟದ ಮನೆ, ಒಳಗೆ ಏಳು ಜನ, ಹೊರಗೆ ಎದ್ದು ಬಂದು ಮನುಷ್ಯರನ್ನು ತಿನ್ನುವ ಹೆಣಗಳು. ಹೊರಲೋಕದ ಗತಿಯನ್ನೆಲ್ಲ ರೇಡಿಯೋ ಮತ್ತು ಟಿವಿಯ ವಾರ್ತೆ ಹೇಳುತ್ತದೆ. ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಅದರ ಗಟ್ಟಿತನ, ಹೊಳಪು ಎರಡೂ ಕೆಂಪು ಬಣ್ಣದ ನೀರಿಗಿಂತ ನಂಬುವ ಹಾಗಿವೆ. ವಿತರಕರು ಕೊನೆಗಳಿಗೆಯಲ್ಲಿ ಶೀರ್ಷಿಕೆ ಬದಲಿಸಿದಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾಯ್ದೆಯಂತೆ ಚಿತ್ರ ಅಲ್ಲಿ ಸಾರ್ವಜನಿಕರ ಪಾಲಾಯಿತು, ಆರ್ಕೈವ್‌ನಲ್ಲಿ ಸಿಗುತ್ತಿರುವುದೂ ಅದರಿಂದಲೇ.

'ಮ್ಯಾಡ್ ಮ್ಯಾಕ್ಸ್' (1979), ಅದರ ಹಿಂದೆಯೇ ಇಟಲಿಯವರು ಸಾಲಾಗಿ ತೆಗೆದ ಮರುಭೂಮಿ ಮತ್ತು ಮೋಟಾರುಗಳ ಚಿತ್ರಗಳಿಗೆ ಇದು ಜಾಗವಲ್ಲ. ಅವುಗಳ ಹಕ್ಕು ಇನ್ನೂ ಇದೆ. ಯಾರೋ ಹಾಕಿದ ಪ್ರತಿ ಕಣ್ಣಿಗೆ ಬಿದ್ದರೂ ಬಿಟ್ಟು, ದುಡ್ಡು ಕೊಟ್ಟೇ ನೋಡಿ.

ಸೇವೆಯ ದೊಡ್ಡ ಕೊರತೆ ಪ್ರತಿಗಳ ಗುಣಮಟ್ಟ. ಒಂದೇ ಚಿತ್ರವನ್ನು ಹಲವರು ಹಾಕಿರುತ್ತಾರೆ, ಹುಡುಕಿದಾಗ ಮೇಲೆ ಬರುವುದು ಒಳ್ಳೆಯದೇ ಆಗಿರಬೇಕೆಂದಿಲ್ಲ. 'ಲಾಸ್ಟ್ ಮ್ಯಾನ್' ತೆಗೆದದ್ದು ಅಗಲ ತೆರೆಗೆ, 2.35ಕ್ಕೆ 1ರ ಅಳತೆಯಲ್ಲಿ. ಹಳೆಯ ಟಿವಿಗೆಂದು ಎರಡೂ ಬದಿ ಕತ್ತರಿಸಿದ ಪ್ರತಿಗಳು ಬಹಳ ಇವೆ. ಚಿತ್ರ ಚೌಕಾಕಾರವಾಗಿ ಕಂಡರೆ ಮುಂದಿನದಕ್ಕೆ ಹೋಗಿ. 'ಲಾಸ್ಟ್ ವುಮನ್' ಪ್ರತಿಗಳಲ್ಲಿ ಬಣ್ಣ ಮಾಸಿರುವುದೇ ಹೆಚ್ಚು. ರೊಮೆರೊ ಚಿತ್ರಕ್ಕೆ ಆಮೇಲೆ ಬಣ್ಣ ತುಂಬಿದ ಪ್ರತಿ ಬೇಡವೇ ಬೇಡ, ಚಾಕೊಲೇಟಿನ ಕೆಲಸವೆಲ್ಲ ಅದರಲ್ಲಿ ಹಾಳಾಗಿದೆ.

ಹೆಸರಿನ ಜತೆ ವರ್ಷವನ್ನೂ ಟೈಪ್ ಮಾಡಿ ಹುಡುಕಿ. ಪುಟದಲ್ಲಿ ಡೌನ್‌ಲೋಡ್ ಆಯ್ಕೆಗಳ ಪಟ್ಟಿ ಇರುತ್ತದೆ. ಎಲ್ಲವನ್ನೂ ತೋರಿಸು ಎಂಬುದನ್ನು ಒತ್ತಿದರೆ ಪ್ರತಿ ಫೈಲಿನ ಗಾತ್ರ ಕಾಣುತ್ತದೆ. 512ಕೆಬಿ ಎಂದಿರುವುದು ಫೋನಿಗೂ ಮಸುಕು. ಓಗ್ ಫೈಲನ್ನು ಹೆಚ್ಚಿನ ಟಿವಿಗಳು ಓದುವುದಿಲ್ಲ. ಎಚ್.264 ಎಂಪಿ4, 700 ಎಂಬಿಯಿಂದ ಒಂದೂವರೆ ಜಿಬಿಯೊಳಗಿನದ್ದು ಸರಿಹೋಗುತ್ತದೆ. 4 ಜಿಬಿ ದಾಟಿದ ಫೈಲ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಕಾಪಿಯೇ ಆಗದು. ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಕೆಲವು ಹಳೆಯ ಟಿವಿಗಳು ಪೆನ್‌ಡ್ರೈವನ್ನೇ ಗುರುತಿಸುವುದಿಲ್ಲ. ಆರ್ಕೈವ್‌ನ ವೇಗ ಕೆಲವೊಮ್ಮೆ ತೀರಾ ಕಡಿಮೆ. ತೋಟದ ಮನೆಯ ಸಿಗ್ನಲ್‌ನಲ್ಲಿ ಅರ್ಧಕ್ಕೆ ನಿಲ್ಲುವ ಭಯವಿದ್ದರೆ ಅದೇ ಪಟ್ಟಿಯಲ್ಲಿರುವ ಟೊರೆಂಟ್ (ಫೈಲನ್ನು ತುಂಡುತುಂಡಾಗಿ ಇಳಿಸುವ ವಿಧಾನ, ಅದಕ್ಕೆ ಬೇರೆ ಆ್ಯಪ್ ಬೇಕು) ಆರಿಸಿ, ನಿಂತಲ್ಲಿಂದ ಮುಂದುವರಿಯುತ್ತದೆ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಫೈಬರ್ ಇರುವ ನೆಂಟರ ಮನೆಯಿದ್ದರೆ ಮೇ ತಿಂಗಳೊಳಗೆ ಈ ಕೆಲಸ ಮುಗಿಸಿಬಿಡಿ.

32 ಇಂಚಿನ ಎಲ್‌ಇಡಿ ಟಿವಿ ಸುಮಾರು 50 ವಾಟ್ ಎಳೆಯುತ್ತದೆ. ಇನ್ವರ್ಟರಿನ 150 ಎಎಚ್ ಬ್ಯಾಟರಿ ಹಳತಾಗಿದ್ದರೂ ಎರಡು ಸಿನಿಮಾಕ್ಕೆ ಧಾರಾಳ ಸಾಕು, ಫ್ರಿಜ್ ಮಾತ್ರ ಆ ಲೈನಿನಲ್ಲಿ ಇರಬಾರದು. ಸ್ಕ್ವೇರ್‌ವೇವ್ ಇನ್ವರ್ಟರ್ ಆದರೆ ಸ್ಪೀಕರ್ ಗುಂಯ್ ಎನ್ನುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಅದರ ಬ್ಯಾಟರಿಯಲ್ಲೇ ಹೆಡ್‌ಫೋನ್ ಹಾಕಿ ನೋಡುವುದು ಮೇಲು. ಶೀಟಿನ ಮೇಲೆ ಆಟಿಯ ಮಳೆ ಹೊಡೆಯುವಾಗ ಈ ಚಿತ್ರಗಳ ಹಳೆಯ ಮೋನೊ ಧ್ವನಿ ಕೇಳಿಸುವುದೇ ಇಲ್ಲ. ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರಿನಲ್ಲಿ ವಾಲ್ಯೂಮ್ 125ರವರೆಗೆ ಏರುತ್ತದೆ, ಎಫೆಕ್ಟ್ಸ್ ಒಳಗಿನ ಕಂಪ್ರೆಸರ್ ಆನ್ ಮಾಡಿದರೆ ಪಿಸುಮಾತೂ ಸಿಗುತ್ತದೆ. ಕನ್ನಡ ಸಬ್‌ಟೈಟಲ್ ಅಂತೂ ಇಲ್ಲ, ಎಷ್ಟೋ ಪ್ರತಿಗಳಿಗೆ ಇಂಗ್ಲಿಷಿನದೂ ಇರುವುದಿಲ್ಲ. ಟಿವಿಯಲ್ಲಿ ವಿವಿಡ್ ಬಿಟ್ಟು ಸಿನಿಮಾ ಮೋಡ್ ಇಡಿ. ವಿವಿಡ್‌ನಲ್ಲಿ ರಾತ್ರಿಯ ದೃಶ್ಯವೆಲ್ಲ ಬರೀ ಕಪ್ಪು.

ಮಕ್ಕಳಿರುವ ಮನೆಯಲ್ಲಿ ರೊಮೆರೊ ಚಿತ್ರ ಹಾಕಬೇಡಿ, ಮಗಳೇ ತಾಯಿಯನ್ನು ಕರಣೆಯಿಂದ ಕೊಲ್ಲುವ ದೃಶ್ಯವಿದೆ. ಅವರ ಜತೆ ಕೂರುವುದಾದರೆ ಆರ್ಕೈವ್‌ನಲ್ಲೇ ಇರುವ 'ಡಕ್ ಆ್ಯಂಡ್ ಕವರ್' ಸಿಗುತ್ತದೆ: ಅಣುಬಾಂಬ್ ಬಿದ್ದರೆ ಮೇಜಿನಡಿ ಅವಿತುಕೊಳ್ಳಿ ಎಂದು ಬರ್ಟ್ ಎಂಬ ಆಮೆಯ ಮೂಲಕ ಅಮೆರಿಕದ ಶಾಲಾಮಕ್ಕಳಿಗೆ ಕಲಿಸಲು 1951ರಲ್ಲಿ ತಯಾರಾದ ಸರ್ಕಾರಿ ಚಿತ್ರ, ಒಂಬತ್ತು ನಿಮಿಷದ್ದು.