ಅಂಬಾಸಿಡರ್‌ಗೆ ಎಲೆಕ್ಟ್ರಿಕ್ ಫ್ಯಾನ್ ಕಿಟ್: ಮೂರು ಮಳೆಗಾಲ ಬಳಸಿದ ಮೇಲೆ

ಗಾಡಿ 1489 ಸಿಸಿ ಪೆಟ್ರೋಲ್. ಓಡಾಟ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿ. ರೇಡಿಯೇಟರ್‌ಗೆ (ಎಂಜಿನ್ ನೀರು ತಣಿಸುವ ಜಾಲರಿ) ಗಾಳಿ ಕೊಡುವ ಈ ಕಿಟ್‌ನಲ್ಲಿ ಬರುವುದು 12 ಇಂಚಿನ ಫ್ಯಾನ್, 92 ಡಿಗ್ರಿಗೆ ಆನ್ ಆಗಿ 87ಕ್ಕೆ ಆಫ್ ಆಗುವ ಥರ್ಮಲ್ ಸ್ವಿಚ್, ರಿಲೇ (ಸ್ವಿಚ್ಚಿನ ಸನ್ನೆಗೆ ಫ್ಯಾನಿಗೆ ಕರೆಂಟ್ ಬಿಡುವ ಡಬ್ಬಿ), 30 ಆಂಪಿಯರ್ ಫ್ಯೂಸ್.

ನಿಂತಾಗ ಶಾಖ ತೋರಿಸುವ ಮುಳ್ಳು ಏರಿ, ಗಾಡಿ ವೇಗ ಹಿಡಿದ ಕೂಡಲೇ ಇಳಿದರೆ ಕೊರತೆ ಗಾಳಿಯದು. ಈ ಕಿಟ್ ಅದಕ್ಕೆ ಮಾತ್ರ ಮದ್ದು. ಓಡುವಾಗಲೂ ಕಾಯುತ್ತಿದ್ದರೆ ರೇಡಿಯೇಟರ್ ಒಳಗೆ ಕಟ್ಟಿರಬಹುದು, ಎಂಜಿನ್ ತಲೆಯ ಸಂದಿ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಎಂಥ ಫ್ಯಾನ್ ಹಾಕಿದರೂ ದುಡ್ಡು ದಂಡ.

ಕೊಳ್ಳುವ ಮೊದಲು ಖರ್ಚಿಲ್ಲದ ಕೆಲಸ ಮುಗಿಸಿ. ಇಲ್ಲಿನ ಕೆಂಪು ಮಣ್ಣು, ಹುಲ್ಲಿನ ಬೀಜ, ಹುಳು ಎಲ್ಲ ಸೇರಿ ರೇಡಿಯೇಟರ್ ಫಿನ್‌ಗಳ ನಡುವೆ ಗಾರೆಯಂತೆ ಕೂರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಬೇಕು. ಮುಂದಿನಿಂದ ಹಾಯಿಸಿದರೆ ಕಸ ಇನ್ನೂ ಒಳಗೆ ಸೇರುತ್ತದೆ. ಫ್ಯಾನ್ ಬೆಲ್ಟ್ ಹೆಬ್ಬೆರಳಿನ ಒತ್ತಿಗೆ ಅರ್ಧ ಇಂಚು ಬಗ್ಗಿದರೆ ಸಾಕು. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿದ್ದರೂ ಐಡ್ಲಿಂಗ್‌ನಲ್ಲೇ ಕಾಯುತ್ತದೆ, ಏಕೆಂದರೆ ಉರಿ ತಡವಾಗಿ ಮುಗಿದು ಶಾಖವೆಲ್ಲ ಎಕ್ಸಾಸ್ಟ್ ಪೋರ್ಟಿನ ಸುತ್ತಲಿನ ನೀರಿಗೆ ಇಳಿಯುತ್ತದೆ. ರೇಡಿಯೇಟರ್ ಕ್ಯಾಪ್ ಕೂಡ ನೋಡಿ: 7 ಪಿಎಸ್‌ಐ ಒತ್ತಡ ನಿಂತರೆ ನೀರಿನ ಕುದಿಬಿಂದು ಸುಮಾರು 11 ಡಿಗ್ರಿ ಮೇಲೇರುತ್ತದೆ. ಸ್ಪ್ರಿಂಗ್ ಸೋತರೆ ಆ ಲಾಭ ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ಕಾದರೆ ಫ್ಯಾನ್ ಹಾಕಿ. ಆದರೆ ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಮಾದರಿಯ ಡೈನಮೊ ಇರುವ ಗಾಡಿಗೆ ದಯವಿಟ್ಟು ಬೇಡ. ಫ್ಯಾನ್ ಎಳೆಯುವುದು 8ರಿಂದ 10 ಆಂಪಿಯರ್. ಜುಲೈ ತಿಂಗಳ ಆಗುಂಬೆಯಲ್ಲಿ ಮಂಜು, ಮಳೆ ಎರಡೂ ಇರುವಾಗ ಹೆಡ್‌ಲೈಟ್, ವೈಪರ್, ಇಗ್ನಿಷನ್ ಕೂಡಿದರೆ ಲೆಕ್ಕ 25ರ ಹತ್ತಿರ ಹೋಗುತ್ತದೆ. ಹಳೆಯ ಡೈನಮೊ ಪೂರ್ತಿ ವೇಗದಲ್ಲೇ 22 ಕೊಡುವುದು, ಐಡ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಅಂದರೆ ಫ್ಯಾನ್ ಬೇಕಾದ ಹೊತ್ತಿನಲ್ಲೇ ಬ್ಯಾಟರಿ ಬರಿದಾಗುತ್ತದೆ. ಮೊದಲು ಡೈನಮೊ ಜಾಗಕ್ಕೆ ಆಲ್ಟರ್ನೇಟರ್, ಆಮೇಲೆ ಫ್ಯಾನ್.

ಕಿಟ್‌ನ ದೊಡ್ಡ ದೋಷ ಅದರ ಪ್ಲಾಸ್ಟಿಕ್ ಟೈಗಳು. ಫಿನ್ ತೂರಿ ಕಟ್ಟುವ ಇವು ನಡುಗಿ ಟ್ಯೂಬ್ ಉಜ್ಜುತ್ತವೆ, ಕೊನೆಗೆ ಸೋರುತ್ತದೆ. 3 ಮಿಮೀ ಪಟ್ಟಿಯಿಂದ ಬ್ರಾಕೆಟ್ ಮಾಡಿಸಿ ರೇಡಿಯೇಟರಿನ ಪಕ್ಕದ ಬೋಲ್ಟ್‌ಗಳಿಗೇ ಬಿಗಿಸಿ. ಥರ್ಮಲ್ ಸ್ವಿಚ್ಚಿನ ಶಾಖ ಅಳೆಯುವ ನಳಿಗೆಯನ್ನು ಹೋಸ್ ಸಂದಿಯಲ್ಲಿ ತೂರಿಸಲು ಕಿಟ್‌ನವರು ಹೇಳುತ್ತಾರೆ; ಅಲ್ಲಿ ಸದಾ ಜಿನುಗು. ಮೇಲಿನ ಟ್ಯಾಂಕಿಗೆ ಹಿತ್ತಾಳೆ ನಟ್ ಬೆಸೆಸಿ ಬೋಲ್ಟ್ ಮಾದರಿಯ ಸ್ವಿಚ್ ಕೂರಿಸಿದರೆ ಆ ತಲೆನೋವಿಲ್ಲ. ಎಂಜಿನ್ ಕಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ಥರ್ಮೋಸ್ಟಾಟ್ 82 ಡಿಗ್ರಿಯದ್ದಿರಲಿ. ಸ್ವಿಚ್ ಆಫ್ ಆಗುವ ಡಿಗ್ರಿ ಅದಕ್ಕಿಂತ ಕಡಿಮೆಯಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ.

ಮಳೆಗಾಲದಲ್ಲಿ ಇದರ ಗುಣ ಚೆನ್ನಾಗಿ ಕಾಣುತ್ತದೆ. ರಸ್ತೆಯ ಮೇಲೆ ಹಳ್ಳ ಹರಿಯುವಾಗ ಗಾಡಿಯ ಮೂಲ ಬೆಲ್ಟ್ ಫ್ಯಾನ್ ನೀರೆರಚಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತೋಯಿಸುತ್ತದೆ. ಎಲೆಕ್ಟ್ರಿಕ್ ಫ್ಯಾನಿಗೆ ಕೈ ಸ್ವಿಚ್ ಜೋಡಿಸಿಕೊಂಡರೆ ದಾಟುವಷ್ಟು ಹೊತ್ತು ಆರಿಸಿಡಬಹುದು. ಮೂರು ವರ್ಷದಲ್ಲಿ ಮೋಟರ್‌ಗೆ ಏನೂ ಆಗಿಲ್ಲ. ರಿಲೇ ಮಾತ್ರ ಎರಡು ಸಲ ಟರ್ಮಿನಲ್ ತುಕ್ಕು ಹಿಡಿದು ಹೋಯಿತು. ಅದನ್ನು ಬಾಯಿ ಕೆಳಗಾಗಿ, ಬ್ಯಾಟರಿಗಿಂತ ಎತ್ತರದಲ್ಲಿ ಕೂರಿಸಿ ಗ್ರೀಸ್ ಸವರಿದ ಮೇಲೆ ಮತ್ತೆ ಕೆಟ್ಟಿಲ್ಲ.